ಕಬ್ಬಿಣ ಇದ್ದಲ್ಲಿಗೆ

ರಕ್ತದಲ್ಲಿ ಹೊಸಬರಿಗೆ ಮರ್ಯಾದೆ ಕಡಿಮೆ. ನಡುದಾರಿಯನ್ನೆಲ್ಲ ಕೆಂಪು ಕಣಗಳು ಹಿಡಿದುಕೊಂಡಿರುತ್ತವೆ. ಹೊರಗಿನಿಂದ ಬಂದ ಸಣ್ಣಪುಟ್ಟದ್ದನ್ನೆಲ್ಲ ನಾಳದ ಗೋಡೆಯ ಕಡೆಗೆ ತಳ್ಳಿಬಿಡುತ್ತವೆ. ದಾಕ್ಷಾಯಣಿ ತನ್ನ ನೌಕರಿಯ ಹದಿನಾರು ವರ್ಷಗಳನ್ನು ಈ ತಳ್ಳಾಟ ನೋಡುವುದರಲ್ಲೇ ಕಳೆದಿದ್ದಳು. ಅದೇ ಅವಳ ಅನ್ನ. ಗೋಡೆಗೆ ಒತ್ತಿಕೊಂಡು ಹೋಗುವುದನ್ನು ಹೊರಗಿನಿಂದ ಅಯಸ್ಕಾಂತ ಹಿಡಿದು ನಿಲ್ಲಿಸಬಹುದು. ನಡುದಾರಿಯಲ್ಲಿ ಓಡುವುದನ್ನು ಯಾರಪ್ಪನಿಂದಲೂ ಹಿಡಿಯಲಾಗದು.

ಹುಬ್ಬಳ್ಳಿಯ ಹೊರಗಿನ ಆ ಕ್ಯಾನ್ಸರ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅಯಸ್ಕಾಂತ ವಿಭಾಗವಿತ್ತು. ಅದಕ್ಕೆ ಇವಳೇ ಮುಖ್ಯ ಇಂಜಿನಿಯರ್. ನೋಡಲು ಬರುವ ಅತಿಥಿಗಳಿಗೆಲ್ಲ ಪಾಠ ಒಪ್ಪಿಸಿದಂತೆ ಹೇಳುತ್ತಿದ್ದಳು. ಒಂದು ಕೂದಲಿನ ಅಡ್ಡಗಲದಲ್ಲಿ ನಲವತ್ತು ನಿಲ್ಲುವಷ್ಟು ಸಣ್ಣ ಗುಳಿಗೆಗಳಿವು. ಒಳಗೆ ಔಷಧ, ಸುತ್ತ ತೆಳ್ಳನೆಯ ಸಿಪ್ಪೆ, ಸಿಪ್ಪೆಯಲ್ಲಿ ಅಯಸ್ಕಾಂತದ ಪುಡಿ. ಕಾಗದದ ಮೇಲೆ ಇವುಗಳ ಹೆಸರು ಸೂಕ್ಷ್ಮಗುಳಿಗೆ. ವಿಭಾಗದವರ ಬಾಯಲ್ಲಿ ಬರೀ ಕಾಳು. ಕೈಯ ನರಕ್ಕೆ ಚುಚ್ಚಿದ ಕಾಳು ಹೃದಯಕ್ಕೆ ಹೋಗುತ್ತದೆ, ಅಲ್ಲಿಂದ ಶ್ವಾಸಕೋಶಕ್ಕೆ, ಮತ್ತೆ ಹೃದಯಕ್ಕೆ, ಆಮೇಲೆ ಮೈಯೆಲ್ಲ. ಒಂದು ಸುತ್ತಿಗೆ ಸುಮಾರು ಒಂದು ನಿಮಿಷ. ದೊಡ್ಡ ನಾಳಗಳಲ್ಲಿ ರಕ್ತದ ಓಟ ಜೋರು, ಅಲ್ಲಿ ಅಯಸ್ಕಾಂತದ ಆಟ ನಡೆಯದು. ಕೂದಲಿಗಿಂತ ಸಣ್ಣ ನಾಳಗಳಲ್ಲಿ ರಕ್ತ ತೆವಳುತ್ತದೆ. ಅಲ್ಲಿ ಮಾತ್ರ ಹಿಡಿದರೆ ಹಿಡಿದಂತೆ. ಬಲಪಕ್ಕೆಯ ಮೇಲೆ ಅಯಸ್ಕಾಂತ ಇಟ್ಟರೆ, ಯಕೃತ್ತಿನ ಗಡ್ಡೆಯ ಬಳಿ ಹಾಯುವ ಕಾಳುಗಳು ಪ್ರತಿ ಸುತ್ತಿನಲ್ಲೂ ಇಷ್ಟಿಷ್ಟು ಸೇರಿ ಇಪ್ಪತ್ತು ನಿಮಿಷಕ್ಕೆ ಗುಂಪಾಗುತ್ತವೆ. ಮೈಯ ಕಾವಿಗೆ ಒಂದು ತಾಸಿನಲ್ಲಿ ಸಿಪ್ಪೆ ಕರಗುತ್ತದೆ. ಕಾಳು ಎಲ್ಲಿದೆಯೋ ಅಲ್ಲೇ ಔಷಧ. ಬಿಡಿಯಾಗಿ ಕೊಟ್ಟರೆ ಮನುಷ್ಯ ತಾಳಲಾರದಷ್ಟು ಖಾರವಾದ ಔಷಧ ಅದು, ಹೀಗೆ ಕೊಟ್ಟರೆ ಒಂದು ಕೂದಲೂ ಉದುರುವುದಿಲ್ಲ.

ಅತಿಥಿಗಳು ತಲೆದೂಗುತ್ತಿದ್ದರು. ಕಾಳು ಬೇರೆ ಕಡೆ ಕುಳಿತುಬಿಟ್ಟರೆ ಏನು ಗತಿ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ದಾಕ್ಷಾಯಣಿಯ ಹತ್ತಿರ ಉತ್ತರ ತಯಾರಿತ್ತು. ಪರದೆಯಲ್ಲಿ ಪ್ರತಿ ಕಾಳಿನ ಗುಂಪೂ ಹಳದಿಯಾಗಿ ಕಾಣುತ್ತದೆ, ತಪ್ಪಿದರೆ ಆ ಕ್ಷಣವೇ ಗೊತ್ತಾಗುತ್ತದೆ ಎನ್ನುತ್ತಿದ್ದಳು. ಆದರೆ ಆ ಪರದೆಗೂ ಒಂದು ಚಾಳಿ ಇತ್ತು. ಯಾರನ್ನೇ ಮಲಗಿಸಿದರೂ ಮೊದಲಿಗೆ ಒಂದು ಮಬ್ಬು ತೋರಿಸುತ್ತಿತ್ತು: ಮಂಚದ ಮೊಳೆ, ಗೋಡೆಯೊಳಗಿನ ಸರಳು, ಎಲ್ಲದರ ಮಬ್ಬು. ಕಿರಾಣಿ ಅಂಗಡಿಯವನು ಖಾಲಿ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತರುತ್ತಾನಲ್ಲ, ಹಾಗೆ ಚುಚ್ಚುಮದ್ದಿಗೆ ಮೊದಲು ಒಂದು ಚಿತ್ರ ತೆಗೆದು, ಅದನ್ನು ಸೊನ್ನೆ ಎಂದು ಹಿಡಿದು, ಮುಂದಿನ ಎಲ್ಲ ಚಿತ್ರಗಳಿಂದ ಕಳೆಯುವ ಉಪಾಯವನ್ನು ಮಾಡಿದವಳು ದಾಕ್ಷಾಯಣಿಯೇ. ಅದಕ್ಕೆ ಅವಳಿಗೆ ಒಂದು ಶಾಲು, ಒಂದು ಫಲಕ ಕೊಟ್ಟಿದ್ದರು. ಕಳೆದುಹಾಕಿದ ಆ ಮೊದಲ ಚಿತ್ರವನ್ನು ಯಾರೂ ತೆರೆದು ನೋಡುತ್ತಿರಲಿಲ್ಲ.

ಶ್ರಾವಣದ ಒಂದು ಸೋಮವಾರ ಅಕ್ಕ ಸಾವಂತ್ರೆವ್ವನ ಫೋನು ಬಂತು. ಮೌನೇಶಪ್ಪನ ಹೊಟ್ಟೆಯ ಸ್ಕ್ಯಾನಿನಲ್ಲಿ ಯಕೃತ್ತಿನ ಮೇಲೆ ಲಿಂಬೆಹಣ್ಣಿನಷ್ಟು ಗಡ್ಡೆ ಕಂಡಿತ್ತು.

ಮೌನೇಶಪ್ಪ ಕಮ್ಮಾರ ಎಂದರೆ ದಾಕ್ಷಾಯಣಿಗೆ ಅಕ್ಕನ ಗಂಡ. ಬಾಯಲ್ಲಿ ಮಾಮಾ, ಲೆಕ್ಕದಲ್ಲಿ ತಂದೆ. ಅವ್ವ ತೀರಿಕೊಂಡಾಗ ಇವಳಿಗೆ ಒಂಬತ್ತು ವರ್ಷ. ಅಕ್ಕ ಗಂಡನ ಮನೆಗೆ ಇವಳನ್ನೂ ಜೊತೆಗೆ ಕರೆತಂದಿದ್ದಳು. ಗಬ್ಬೂರು ಬೈಪಾಸಿನ ಪಕ್ಕದ ಶೆಡ್ಡಿನಲ್ಲಿ ಮೌನೇಶಪ್ಪ ಟ್ರ್ಯಾಕ್ಟರಿನ ಟ್ರ್ಯಾಲಿಗಳನ್ನೂ ನೀರಿನ ಟ್ಯಾಂಕರುಗಳನ್ನೂ ಕಟ್ಟುತ್ತಿದ್ದರು. ಟ್ಯಾಂಕರಿನ ಒಳಬದಿಯ ಬೆಸುಗೆಗೆ ಒಬ್ಬ ಮನುಷ್ಯ ಮೇಲಿನ ಕಿಂಡಿಯಿಂದ ಒಳಗಿಳಿದು ಕೂರಬೇಕು. ಹೊಗೆ ಹೋಗಲು ಅದೊಂದೇ ಕಿಂಡಿ. ಆಳುಗಳು ಹಿಂಜರಿದರೆ ಮೌನೇಶಪ್ಪ ತಾವೇ ಇಳಿಯುತ್ತಿದ್ದರು. ಅವರ ಬೆಸುಗೆ ಒಂದು ಹನಿ ನೀರು ಬಿಡುವುದಿಲ್ಲವೆಂದು ನವಲಗುಂದದ ತನಕ ಹೆಸರಿತ್ತು. ಆ ಹೊಗೆಯಲ್ಲೇ ಇವಳ ಇಂಜಿನಿಯರಿಂಗ್ ಮುಗಿಯಿತು, ಮೇಲಿನ ಓದೂ ಮುಗಿಯಿತು.

ಈಚಿನ ಹತ್ತು ವರ್ಷ ಅವರು ವೆಲ್ಡಿಂಗ್ ಹಿಡಿಕೆ ಮುಟ್ಟಿರಲಿಲ್ಲ. ಬಿಳಿ ಅಂಗಿ ಹಾಕಿ ಮೇಜಿನ ಹಿಂದೆ ಕೂರುತ್ತಿದ್ದರು. ಆ ಕಡೆ ಒಂದು ರೀತಿಯಿದೆ: ನಾಲ್ಕು ಆಳಿಟ್ಟು ಕೆಲಸ ಮಾಡಿಸುವವನನ್ನು ಅವನ ಹಳೆಯ ಕಸುಬಿನಿಂದ ಕರೆದರೆ ಅವನ ಗಳಿಕೆಯನ್ನೆಲ್ಲ ಕಿತ್ತು ಮೂಲೆಗೆಸೆದಂತೆ. ಹಾಗಾಗಿ ಊರವರಿಗೆ ಅವರು ಮಾಲಕರು. ಸಾವಂತ್ರೆವ್ವನೂ ಹೊರಗಿನವರ ಮುಂದೆ "ನಮ್ಮ ಮಾಲಕರು" ಅಂತಲೇ ಹೇಳುತ್ತಿದ್ದಳು.

ಅವತ್ತು ಸಂಜೆ ದಾಕ್ಷಾಯಣಿ ಹೋದಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ಏನ ಮಾಡ್ತೀ ನೋಡು ದಾಕ್ಷಾಣಿ," ಎಂದಳು. "ನಿನ್ನ ಕಾಳು ಹಾಕ್ಸು. ಊರ ಮಂದಿಗೆಲ್ಲಾ ಹಾಕ್ತೀದಿ."

"ನಲವತ್ತ ಮಂದಿ ಸಾಲಿನ್ಯಾಗ ಅದಾರಕ್ಕ."

"ಇರಲಿ. ನೀ ಅಲ್ಲೇ ಇದ್ದೂ ಅವರು ಸಾಲಿನ್ಯಾಗ ನಿಂದರಬೇಕೇನ?"

ಆ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಇಲ್ಲ ಎಂಬ ಉತ್ತರ ಹುಟ್ಟಿಯೇ ಇಲ್ಲ. ದಾಕ್ಷಾಯಣಿ ಮರುದಿನ ವಿಭಾಗದ ಹಿರಿಯ ವೈದ್ಯ ಇನಾಮದಾರರ ಕೋಣೆಗೆ ಹೋದಳು. ಹದಿನಾರು ವರ್ಷದಲ್ಲಿ ತನಗಾಗಿ ಏನನ್ನೂ ಕೇಳಿದವಳಲ್ಲ. ಇನಾಮದಾರರು ಕನ್ನಡಕ ತೆಗೆದು ಒರೆಸಿಕೊಂಡು, "ಆತು, ಬರೋ ವಾರದಾಗ ಹಾಕ್ಕೊಳ್ಳೋಣು. ಫಾರ್ಮ್ ನೀವ ತುಂಬರಿ," ಎಂದರು.

ಫಾರಮ್ಮನ್ನು ಅವಳು ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ತುಂಬಿದಳು. ಹೆಸರು, ವಯಸ್ಸು ಅರವತ್ತೊಂದು, ಸಕ್ಕರೆ ಕಾಯಿಲೆ ಇಲ್ಲ. ಉದ್ಯೋಗ ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಮೌನೇಶಪ್ಪ ಎದುರಿಗೇ ಕೂತಿದ್ದರು, ಬಿಳಿ ಅಂಗಿಯ ತೋಳನ್ನು ನೀಟಾಗಿ ಮಡಚಿಕೊಂಡು. ತನ್ನ ಕಾಲೇಜಿನ ಫಾರಮ್ಮುಗಳಲ್ಲಿ ಪೋಷಕರ ಉದ್ಯೋಗ ಎಂಬಲ್ಲಿ ವರ್ಷವರ್ಷವೂ ವೆಲ್ಡರ್ ಎಂದು ಬರೆದು ಕೊಟ್ಟವಳು ಅವಳು. ಈ ಸಲ ಕೈ ಅದನ್ನು ಬರೆಯಲಿಲ್ಲ. "ಸ್ವಂತ ಉದ್ಯಮ" ಎಂದು ದುಂಡಗೆ ಬರೆದಳು. ಬರೆದು ಒಳಗೊಳಗೇ ಖುಷಿಪಟ್ಟಳು.

ಆ ಎರಡು ಪದಕ್ಕೆ ಇದ್ದ ತೂಕ ಅವಳಿಗೆ ಗೊತ್ತಿರಬೇಕಾಗಿತ್ತು. ಧೂಳಿನ ಕೆಲಸದವರನ್ನು ಮೊದಲು ಎದೆಯ ಡಾಕ್ಟರರ ಹತ್ತಿರ ಕಳಿಸುವುದು ಇನಾಮದಾರರ ಪದ್ಧತಿ. ಮೌನೇಶಪ್ಪನ ಎಕ್ಸ್‌ರೇಯಲ್ಲಿ ಎರಡೂ ಬದಿ ಸಣ್ಣಸಣ್ಣ ಚುಕ್ಕೆಗಳಿದ್ದವು. ಇನಾಮದಾರರು ಫಾರಂ ನೋಡಿದರು, ಚುಕ್ಕೆ ನೋಡಿದರು, "ವಯಸ್ಸಿಂದು," ಎಂದು ಬದಿಗಿಟ್ಟರು. ಉದ್ಯಮಿಯ ಎದೆಯಲ್ಲಿ ಚುಕ್ಕೆ ಕಂಡರೆ ಅದು ವಯಸ್ಸಿನದೇ.

ಚುಚ್ಚುವ ದಿನ ಬೆಳಿಗ್ಗೆ ನರ್ಸ್ ಫಿಲೋಮಿನಾ ತನ್ನ ಪಟ್ಟಿ ಹಿಡಿದು ಬಂದಳು. ಅಯಸ್ಕಾಂತದ ಕೋಣೆಗೆ ಲೋಹ ತರುವಂತಿಲ್ಲ, ಆ ವಿಷಯದಲ್ಲಿ ಅವಳು ಯಮನ ತಂಗಿ. ಉಡದಾರ ಬಿಚ್ಚಿಸಿದಳು, ಅದರಲ್ಲಿದ್ದ ಬೀಗದ ಕೈ ಇಸಿದುಕೊಂಡಳು, ತೋಳಿನ ತಾಯಿತ ಬಿಚ್ಚುವಾಗ ಸಾವಂತ್ರೆವ್ವ ತಕರಾರು ಮಾಡಿದರೂ ಬಿಡಲಿಲ್ಲ.

"ಮೈಯೊಳಗ ಏನರ ಕಬ್ಬಿಣ ಐತೇನ್ರಿ? ರಾಡು, ಪ್ಲೇಟು, ಸ್ಕ್ರೂ?"

"ಐತಲ್ರಿ ಸಿಸ್ಟರ್," ಎಂದರು ಮೌನೇಶಪ್ಪ. "ಮೂವತ್ತ ವರ್ಷ ಕಬ್ಬಿಣದ ಹೊಗಿ ಕುಡದೇನಿ. ದಿನಾ ಒಂದ ಹೆಂಟಿ ಬೆಲ್ಲಾ ತಿಂತಿದ್ದೆ, ಅರ್ಧಾ ತೊಳದ ಹೋಗಿರಬೇಕು. ಇನ್ನರ್ಧಾ ಐತಿ."

ವೆಲ್ಡಿಂಗ್ ಶೆಡ್ಡುಗಳಲ್ಲಿ ಸಂಜೆಗೆ ಎಲ್ಲರಿಗೂ ಬೆಲ್ಲ ಹಂಚುತ್ತಾರೆ. ಗಂಟಲಿನ ಧೂಳನ್ನೆಲ್ಲ ಬೆಲ್ಲ ಹೊಟ್ಟೆಗೆ ಇಳಿಸುತ್ತದೆಂದು ನಂಬಿಕೆ. ಫಿಲೋಮಿನಾ ನಕ್ಕಳು. ಅಕ್ಕ ನಕ್ಕಳು. ದಾಕ್ಷಾಯಣಿಯಂತೂ ಎಲ್ಲರಿಗಿಂತ ಜೋರಾಗಿ ನಕ್ಕಳು, ಏಕೆಂದರೆ ಗಡ್ಡೆ ಕಂಡ ಮೇಲೆ ಮಾಮಾ ಚೇಷ್ಟೆ ಮಾಡಿದ್ದು ಅದೇ ಮೊದಲು. ಪಟ್ಟಿಯಲ್ಲಿ "ಇಲ್ಲ" ಎಂದು ಗುರುತು ಬಿತ್ತು.

ಗಾಜಿನ ಈಚೆ ನಿಯಂತ್ರಣ ಕೋಣೆ, ಆಚೆ ಮಂಚ. ಮೌನೇಶಪ್ಪ ಮಲಗಿ ಚಾವಣಿ ನೋಡುತ್ತಿದ್ದರು. ಮೈಕಿನಲ್ಲಿ ಅವರ ದನಿ ಬಂತು. "ದಾಕ್ಷಾಣಿ, ನಿನ್ನ ಕಾಳು ಹಾದಿ ತಪ್ಪಂಗಿಲ್ಲ ಹೌದಿಲ್ಲೋ?"

"ಇಲ್ಲ ಮಾಮಾ. ನಾನ ಹಿಡಕೊಂಡ ಕುಂತೇನಿ."

ಮೊದಲ ಚಿತ್ರ ತೆಗೆದರು, ಸೊನ್ನೆಗೆ ತಂದರು, ಚುಚ್ಚಿದರು. ದಾಕ್ಷಾಯಣಿ ವಿದ್ಯುತ್ತನ್ನು ನಿಧಾನಕ್ಕೆ ಏರಿಸುತ್ತ ಹೋದಳು. ಒಮ್ಮೆಲೇ ಏರಿಸುವಂತಿಲ್ಲ. ಜೋರಾದರೆ ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಸರವಾಗಿ ಸಣ್ಣ ನಾಳವನ್ನು ಮುಚ್ಚುತ್ತವೆ. ಐದು ನಿಮಿಷ ಕಳೆಯಿತು. ಯಕೃತ್ತಿನ ಜಾಗದಲ್ಲಿ ಹಳದಿ ಮೂಡಿತು, ಆದರೆ ತೆಳುವಾಗಿ. ಹತ್ತು ನಿಮಿಷಕ್ಕೆ ಬೇರೆಯವರಲ್ಲಿ ಸೇರುತ್ತಿದ್ದುದರ ಅರ್ಧವೂ ಸೇರಿರಲಿಲ್ಲ. ಅದರ ಮೇಲ್ಗಡೆ, ಬಲಶ್ವಾಸಕೋಶದ ಬುಡದಲ್ಲಿ, ಒಂದು ಮಸುಕು ಹಳದಿ ಪಟ್ಟಿ ಕಂಡಿತು.

ಇನಾಮದಾರರು ಬಗ್ಗಿ ನೋಡಿದರು. "ಇದೇನಿದು, ಮ್ಯಾಲೆ?"

"ಉಸಿರಾಟದ ನೆರಳು ಸರ್. ಉಸಿರಾಡಿದಾಗೆಲ್ಲಾ ಲಿವರ್ ಎರಡ ಬಟ್ಟು ಮ್ಯಾಲೆ ಕೆಳಗ ಆಗತದಲ್ಲ, ಅದರ ಕಲೆ. ಎಲ್ಲಾರಿಗೂ ಬರತದ."

ಎಲ್ಲರಿಗೂ ಬರುತ್ತಿತ್ತು, ನಿಜ. ಇಷ್ಟು ದಪ್ಪ ಯಾರಿಗೂ ಬಂದಿರಲಿಲ್ಲ. ಆ ಹೊತ್ತಿನಲ್ಲಿ ಅವಳ ಕಣ್ಣೆಲ್ಲ ಕೆಳಗಿನ ತೆಳು ಹಳದಿಯ ಮೇಲೆ. ಬೇರೆ ರೋಗಿಯಾಗಿದ್ದರೆ ಇಷ್ಟೇ ಸಾಕೆಂದು ನಿಲ್ಲಿಸಿ, ಮುಂದಿನ ತಿಂಗಳು ಇನ್ನೊಮ್ಮೆ ಚುಚ್ಚೋಣ ಎನ್ನುತ್ತಿದ್ದಳು. ಇದು ಮಾಮಾ. ಮಾಮಾನಿಗೆ ಅರ್ಧಮರ್ಧ ಕೊಟ್ಟು ಕಳಿಸಲು ಮನಸ್ಸು ಬರಲಿಲ್ಲ. "ಸ್ವಲ್ಪ ಏರಸ್ತೀನಿ ಸರ್," ಎಂದಳು. ಇನಾಮದಾರರು ಹೂಂ ಎಂದರು. ಅವಳು ಮಿತಿಯ ಗೆರೆಯ ತನಕ ಏರಿಸಿ, ಇನ್ನೂ ಹತ್ತು ನಿಮಿಷ ಹೆಚ್ಚು ಹಿಡಿದಳು. ಕೆಳಗಿನ ಹಳದಿ ಸ್ವಲ್ಪ ಗಟ್ಟಿಯಾಯಿತು. ಮೇಲಿನದೂ ಆಯಿತು.

ಎರಡು ದಿನ ಏನೂ ಇಲ್ಲ. ಮೌನೇಶಪ್ಪ ಮನೆಗೆ ಹೋಗಿ ಜುಣಕದ ವಡಿ ಉಂಡರು, ಶೆಡ್ಡಿಗೂ ಒಂದು ಸುತ್ತು ಹಾಕಿ ಬಂದರು. ಮೂರನೆಯ ದಿನ ಕೆಮ್ಮು ಹತ್ತಿತು. ನಾಲ್ಕನೆಯ ದಿನ ಪಡಸಾಲೆಯಿಂದ ಬಚ್ಚಲಿಗೆ ನಡೆದು ಹೋಗುವಷ್ಟರಲ್ಲಿ ಗೋಡೆ ಹಿಡಿದು ಕೂತುಬಿಟ್ಟರು. ಸಾವಂತ್ರೆವ್ವ ಫೋನಿನಲ್ಲಿ, "ಉಸರ ಎಳ್ಯಾಕ ವಲ್ಲದು ನೋಡ. ಲಗೂನ ಬಾ," ಎಂದಳು.

ಅವರನ್ನು ವಾರ್ಡಿಗೆ ಸೇರಿಸಿ, ಮೂಗಿಗೆ ಆಮ್ಲಜನಕ ಹಚ್ಚಿಸಿ, ದಾಕ್ಷಾಯಣಿ ನೆಲಮಾಳಿಗೆಗೆ ಇಳಿದಳು. ಅಂದಿನ ಚಿತ್ರಗಳನ್ನು ಒಂದೊಂದಾಗಿ ತೆರೆದಳು. ಉಸಿರಾಟದ ನೆರಳಾದರೆ ಉಸಿರಿನ ಜೊತೆ ಏರಬೇಕು, ಇಳಿಯಬೇಕು. ಆ ಪಟ್ಟಿ ಇದ್ದಲ್ಲೇ ಇತ್ತು. ಅಯಸ್ಕಾಂತ ಆರಿಸಿದ ಮೇಲೆ ಯಕೃತ್ತಿನಲ್ಲಿ ಸಿಕ್ಕಿಕೊಳ್ಳದೆ ಉಳಿದ ಕಾಳುಗಳು ರಕ್ತದಲ್ಲಿ ತೊಳೆದು ಹೋಗಿದ್ದವು. ಎದೆಯಲ್ಲಿದ್ದವು ಅಯಸ್ಕಾಂತ ಆರಿದ ಮೇಲೂ ಕದಲಿರಲಿಲ್ಲ. ಹೊರಗಿನ ಅಯಸ್ಕಾಂತ ಬಿಟ್ಟ ಮೇಲೆ ಅವನ್ನು ಹಿಡಿದವರು ಯಾರು?

ಹದಿನಾರು ವರ್ಷದಲ್ಲಿ ಮೊದಲ ಸಲ ಅವಳು ಸೊನ್ನೆಯ ಚಿತ್ರವನ್ನು ತೆರೆದಳು.

ಮಂಚದ ಮೊಳೆಗಳು ಕಂಡವು, ಗೋಡೆಯ ಸರಳು ಕಂಡಿತು. ನಡುವೆ ಒಂದು ಜೊತೆ ಶ್ವಾಸಕೋಶ, ಬುಡದಿಂದ ತುದಿಯವರೆಗೆ, ಒಂದು ಕಾಳೂ ಮೈ ಸೇರುವ ಮುಂಚೆಯೇ ಹಳದಿಯಾಗಿ ಹೊಳೆಯುತ್ತಿದ್ದವು. ಟ್ಯಾಂಕರುಗಳ ಹೊಗೆಯೆಲ್ಲ ಅಲ್ಲಿತ್ತು. ಬೆಸುಗೆಯ ಹೊಗೆಯಲ್ಲಿರುವುದು ಅಯಸ್ಕಾಂತಕ್ಕೆ ಅಂಟುವ ಕಬ್ಬಿಣವೇ, ಕಾಳಿನ ಸಿಪ್ಪೆಯಲ್ಲಿದ್ದದ್ದರ ಒಡಹುಟ್ಟು. ಅವಳು ಪಕ್ಕೆಯ ಮೇಲೆ ಅಯಸ್ಕಾಂತ ಹಚ್ಚಿದ ಕೂಡಲೇ ಎದೆಯ ಬುಡದ ಒಂದೊಂದು ಕಣವೂ ತಾನೇ ಒಂದು ಪುಟ್ಟ ಅಯಸ್ಕಾಂತವಾಗಿ, ಪಕ್ಕದಲ್ಲೇ ತೆವಳಿ ಹೋಗುವ ಕಾಳುಗಳನ್ನು ಹಿಡಿದು ಕೂರಿಸಿಕೊಂಡಿತ್ತು. ಅವಳು ಏರಿಸಿದಷ್ಟೂ ಹೆಚ್ಚು ಹಿಡಿದಿತ್ತು. ಯಂತ್ರ ಎಲ್ಲವನ್ನೂ ಕಂಡಿತ್ತು. ಅವಳು ಕಲಿಸಿಕೊಟ್ಟಂತೆ ಕಳೆದುಹಾಕಿತ್ತು.

ಅವಳು ಅಯಸ್ಕಾಂತದ ಬಲ ಅಳೆಯುವ, ಕೈಯಲ್ಲಿ ಹಿಡಿಯುವ ಉಪಕರಣ ತೆಗೆದುಕೊಂಡು ವಾರ್ಡಿಗೆ ಹೋದಳು. ಅಂಗಿಯ ಮೇಲಿಂದ ಮೌನೇಶಪ್ಪನ ಎದೆಗೆ ಹಿಡಿದಳು. ಮುಳ್ಳು ಎದ್ದು ಕೊನೆಗೆ ಹೋಗಿ ಬಡಿಯಿತು. ಅವರು ಮುಳ್ಳನ್ನೂ ನೋಡಿದರು, ಅವಳ ಮುಖವನ್ನೂ ನೋಡಿದರು.

"ಹೇಳವಾ," ಎಂದರು.

ಅವಳು ಹೇಳಿದಳು. ಡಾಕ್ಟರುಗಳಿಗೆ ಹೇಳಲು ಆಮೇಲೆ ಅವಳಿಗೆ ಮುಕ್ಕಾಲು ತಾಸು ಹಿಡಿಯಿತು. ಮೌನೇಶಪ್ಪನಿಗೆ ಎರಡು ಮಾತಿನಲ್ಲಿ ತಿಳಿಯಿತು.

"ಸ್ಕ್ರೂಡ್ರೈವರ್ ಮ್ಯಾಗ್ನೆಟ್ಟಿಗಿ ಹಚ್ಚಿಟ್ರ ಅದೂ ಮ್ಯಾಗ್ನೆಟ್ ಆಗಿ ಕೂರತೈತಿ. ಹಂಗ," ಎಂದರು. ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. "ನಾ ಅವತ್ತ ಹೇಳಿದ್ನಲ್ಲವಾ, ಐತಿ ಅಂತ. ನೀವೆಲ್ಲಾ ನಕ್ಕ್ರಿ."

"ನಕ್ಕ್ವಿ ಮಾಮಾ."

"ನಾನೂ ನಗಸ್ಲಿಕ್ಕೇ ಹೇಳಿದ್ದು ಬಿಡು." ಮೂಗಿನ ನಳಿಗೆಯನ್ನು ಸರಿಪಡಿಸಿಕೊಂಡರು. "ನಿನ್ನ ಕಾಳಿಂದ ತಪ್ಪಿಲ್ಲ. ಕಬ್ಬಿಣ ಇದ್ದಲ್ಲಿಗೆ ಹೋಗ್ಯಾವ. ತಗ್ಯಾಕ ಬರತೈತೇನ ಈಗ?"

"ಇಲ್ಲ. ಕರಗಿ ಹೋಗ್ಯಾವ."

"ಅಕ್ಕಗ ಇವತ್ತ ಹೇಳಬ್ಯಾಡ," ಎಂದರು ಮೌನೇಶಪ್ಪ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಔಷಧಕ್ಕೆ ಸುಟ್ಟ ಶ್ವಾಸಕೋಶವನ್ನು ಕಟ್ಟಿಕೊಂಡು ಹನ್ನೊಂದು ದಿನ ಒದ್ದಾಡಿದರು; ಹನ್ನೆರಡನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಹೋದರು. ಯಕೃತ್ತಿನ ಗಡ್ಡೆ ಆಗ ಕಾಲುಭಾಗ ಕುಗ್ಗಿತ್ತು.

ಆಸ್ಪತ್ರೆಯ ಸಭೆಯಲ್ಲಿ ಇನಾಮದಾರರು ಕಾಗದವೊಂದನ್ನು ಮುಂದೆ ಸರಿಸಿದರು. ರೋಗ ಉಲ್ಬಣದಿಂದ ಮರಣ ಎಂದು ಟೈಪಾಗಿತ್ತು. ಕೆಟ್ಟ ಮನುಷ್ಯರಲ್ಲ ಅವರು. "ನೂರಾ ಎಂಟ ಮಂದಿಗೆ ಛಲೋ ಆಗ್ಯದ ದಾಕ್ಷಾಯಣಿ," ಎಂದರು. "ಒಬ್ಬರ ಸಲುವಾಗಿ ಇದು ನಿಂತಿತು ಅಂದ್ರ ಮುಂದಿನವರ ಗತಿ ಏನು? ಅದೂ ಅಲ್ಲದ, ಫಾರ್ಮ್ ತುಂಬಿದವರು ನೀವು."

"ಅದನ್ನೂ ಬರೀತೀನಿ ಸರ್," ಎಂದಳು ದಾಕ್ಷಾಯಣಿ.

ಬರೆದಳು. ಫಾರಮ್ಮಿನ ಎರಡು ಪದ, ಉಸಿರಾಟದ ನೆರಳು, ಏರಿಸಿದ ವಿದ್ಯುತ್ತು, ತೆರೆಯದ ಸೊನ್ನೆಯ ಚಿತ್ರ, ಒಂದನ್ನೂ ಬಿಡಲಿಲ್ಲ. ಆಡಳಿತದವರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆ ಯಂತ್ರ ನಡೆಸುವವರು ಸುತ್ತ ಬೇರೆ ಯಾರೂ ಇರಲಿಲ್ಲ. ಎರಡು ತಿಂಗಳು ವಿಭಾಗ ಮುಚ್ಚಿತ್ತು. ಆಮೇಲೆ ಹೊಸ ನಿಯಮದೊಂದಿಗೆ ತೆರೆಯಿತು. ವೆಲ್ಡಿಂಗ್, ಫೌಂಡ್ರಿ, ಗ್ರೈಂಡಿಂಗ್, ಅದಿರಿನ ಗಣಿ, ಈ ಯಾವ ಕೆಲಸ ಎಂದಾದರೂ ಮಾಡಿದವರಿಗೆ ಈ ಚಿಕಿತ್ಸೆ ಇಲ್ಲ. ಅಂಥವರಿಗೆಂದೇ ಬೇರೆ ಬಗೆಯ ಕಾಳು ತಯಾರಿಸಬೇಕೆಂದು ಅವಳು ವರದಿಯ ಕೊನೆಯಲ್ಲಿ ನಾಲ್ಕು ಪುಟ ಬರೆದಿದ್ದಳು. ಆ ನಾಲ್ಕು ಪುಟಕ್ಕೆ ಯಾರೂ ಉತ್ತರ ಬರೆಯಲಿಲ್ಲ. ಕಬ್ಬಿಣ ಕುಡಿದವರನ್ನು ಹೊರಗಿಡುವುದು ಸುಲಭ, ಅವರಿಗೆ ಔಷಧ ಹುಡುಕುವುದು ಕಷ್ಟ.

ಅಕ್ಕನಿಗೆ ಅವಳು ಮಾಮಾನ ದಿನಕಾರ್ಯ ಮುಗಿದ ಮೇಲೆ ಹೇಳಿದಳು. ನೆಂಟರೆಲ್ಲ ಹೋಗಿದ್ದರು. ಸಾವಂತ್ರೆವ್ವ ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು, ಮೊರ ಕೆಳಗಿಡಲಿಲ್ಲ.

"ಆ ಫಾರ್ಮಿನ ಝೆರಾಕ್ಸ್ ಅವರ ಕಿಸೆದಾಗ ಇತ್ತು," ಎಂದಳು. "ಶೆಡ್ಡಿನ ಮಂದಿಗೆಲ್ಲಾ ತೋರ್ಸಿ ಬಂದ್ರು. ನಮ್ಮ ದಾಕ್ಷಾಣಿ ಏನ ಬರದಾಳ ನೋಡ್ರಲೇ ಅಂತ."

ದಾಕ್ಷಾಯಣಿ ನೆಲಕ್ಕೆ ಬಿದ್ದಿದ್ದ ನಾಲ್ಕು ಅಕ್ಕಿಕಾಳನ್ನು ಹೆಕ್ಕಿ ಮೊರಕ್ಕೆ ಹಾಕಿದಳು.

"ವೆಲ್ಡರ್ ಅಂತ ಬರದಿದ್ರ ಬ್ಯಾಸರಾ ಮಾಡ್ಕೋತಿದ್ರು," ಎಂದಳು ಅಕ್ಕ. "ಎರಡ ದಿನಾ ಸಿಟ್ಟಿನಿಂದ ಇರತಿದ್ರು. ಇರತಿದ್ರು." ಆಮೇಲೆ ಮೊರ ಎತ್ತಿಕೊಂಡು ಒಳಗೆ ಹೋದಳು. ಹಾಗೆ ಒಳಗೆ ಹೋದವಳು ಅವತ್ತು ಊಟಕ್ಕೆ ಏಳು ಎನ್ನಲಿಲ್ಲ. ದೀಪಾವಳಿಗೂ ಕರೆ ಬರಲಿಲ್ಲ. ತವರು ಎಂದು ಇದ್ದದ್ದು ಅದೊಂದೇ ಮನೆ. ಹೋಗಿ ಬಾಗಿಲಲ್ಲಿ ನಿಲ್ಲುವ ಧೈರ್ಯ ದಾಕ್ಷಾಯಣಿಗೆ ಬರಲಿಲ್ಲ.

ವಿಭಾಗದಲ್ಲಿ ಈಗ ಅವಳೇ ಮೊದಲ ಬಾಗಿಲಲ್ಲಿ ಕೂರುತ್ತಿದ್ದಳು. ಬರುವ ಪ್ರತಿಯೊಬ್ಬರ ಕಸುಬನ್ನು ತಾನೇ ಕೇಳುತ್ತಿದ್ದಳು, ಎದೆಗೆ ಉಪಕರಣ ಹಿಡಿಯುತ್ತಿದ್ದಳು, ಸೊನ್ನೆಯ ಚಿತ್ರವನ್ನು ಎಲ್ಲಕ್ಕಿಂತ ಮೊದಲು ತೆರೆಯುತ್ತಿದ್ದಳು. ಮಾಘ ಮಾಸದ ಹೊತ್ತಿಗೆ ಒಂದು ಬೆಳಿಗ್ಗೆ ಬೆಳಗಾವಿ ಕಡೆಯಿಂದ ಗಂಡಹೆಂಡತಿ ಬಂದರು. ಗಂಡ ಭರಮಪ್ಪ, ಐವತ್ತರ ಮೇಲೆ, ತೆಳ್ಳಗೆ ಒಣಗಿದ ಮನುಷ್ಯ. ಅವನ ಕಾಗದಪತ್ರವನ್ನೆಲ್ಲ ಹೆಂಡತಿ ಕಲ್ಲವ್ವ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದಿದ್ದಳು.

"ಏನ ಕೆಲಸಾರಿ ನಿಮ್ಮದು?"

"ಒಕ್ಕಲತನರಿ," ಎಂದ ಭರಮಪ್ಪ. ಹೇಳಿ ಹೆಂಡತಿಯ ಮುಖ ನೋಡಿದ.

ಅವನ ಮುಂಗೈಯ ಚರ್ಮದಡಿ ನೀಲಿ ಕರಿ ಚುಕ್ಕೆಗಳು ಚೆಲ್ಲಿದ್ದವು. ಗ್ರೈಂಡಿಂಗ್ ಕಲ್ಲಿನ ಕಿಡಿ ಹೊಕ್ಕು ಉಳಿದ ಅಂಥ ಚುಕ್ಕೆಗಳನ್ನು ದಾಕ್ಷಾಯಣಿ ತನ್ನ ಒಂಬತ್ತನೆಯ ವಯಸ್ಸಿನಿಂದಲೇ ಬಲ್ಲಳು. ಉಪಕರಣ ಹಿಡಿದಳು. ಮುಳ್ಳು ಮಾಮಾನಿಗೆ ಎದ್ದಷ್ಟಲ್ಲದಿದ್ದರೂ ಎದ್ದಿತು. ಅವನನ್ನು ಮಂಚದ ಮೇಲೆ ಮಲಗಿಸಿ ಒಂದು ಚಿತ್ರ ತೆಗೆದು, ಪರದೆಯನ್ನು ಅವರ ಕಡೆ ತಿರುಗಿಸಿದಳು.

"ಫೌಂಡ್ರಿಯೊಳಗ ಇದ್ರಿ ಹೌದಿಲ್ಲೋ?"

ಭರಮಪ್ಪ ತಲೆ ತಗ್ಗಿಸಿದ. "ಇಪ್ಪತ್ತಾರ ವರ್ಷ. ಬಿಟ್ಟೇನ್ರಿ ಈಗ. ಒಕ್ಕಲತನ ಅಂತನ ಬರ್ಕೋರಿ ಮೇಡಂ. ನಿಮ್ಮ ಕೈಯಾಗ ಐತಿ. ಹೊರಗ ಬಾಕದ ಮ್ಯಾಲೆ ಕುಂತವರು ಹೇಳಿದ್ರು, ಫೌಂಡ್ರಿ ಅಂದ್ರ ತಿರಗಿ ಕಳಸ್ತಾರ ಅಂತ."

"ಬರಕೊಂಡ್ರ ನೀವು ಸಾಯ್ತೀರಿ."

"ಬರಕೊಳ್ಳಲಿಲ್ಲಂದ್ರ?"

ಅವನ ಗಡ್ಡೆಗೆ ಬೇರೆ ಔಷಧಗಳೆಲ್ಲ ಆಗಿ ಹೋಗಿದ್ದವೆಂದು ಕಾಗದಗಳೇ ಹೇಳುತ್ತಿದ್ದವು. ಅವಳು ಉದ್ಯೋಗ ಎಂಬಲ್ಲಿ ಫೌಂಡ್ರಿ, ಇಪ್ಪತ್ತಾರು ವರ್ಷ ಎಂದು ಬರೆದಳು. ಕೆಳಗೆ ನಿಯಮದ ಮುದ್ರೆ ಒತ್ತಿದಳು.

ಚೀಲ ಹಿಡಿದು ನಿಂತಿದ್ದ ಕಲ್ಲವ್ವ ಆಗ ಬಾಯಿ ತೆರೆದಳು. "ನಿಮ್ಮ ಅಕ್ಕನ ಗಂಡಗ ಸಾಲು ಬಿಡಿಸಿ ಕೊಟ್ಟೀರಂತ. ಅವರೂ ಕಬ್ಬಿಣದ ಕೆಲಸದವರ ಅಂತ. ನಿಮ್ಮ ಮನಿ ಮನಷ್ಯಾ ಅಂದ್ರ ಆಕೈತಿ. ನಮಗ ಬಂದ ಕೂಡ್ಲೆ ಕಾನೂನು ಬಂತೇನ್ರಿ?"

ಕೋಣೆಯಲ್ಲಿದ್ದ ಫಿಲೋಮಿನಾ ತಲೆ ಬೇರೆ ಕಡೆ ತಿರುಗಿಸಿದಳು. ದಾಕ್ಷಾಯಣಿ ಪೆನ್ನು ಕೆಳಗಿಟ್ಟಳು. ವರದಿಯಲ್ಲಿ ಹನ್ನೆರಡು ಪುಟ ಬರೆದರೂ, ಅಕ್ಕನ ಎದುರು ಅಷ್ಟೆಲ್ಲ ಹೇಳಿದರೂ, ಒಂದು ಮಾತನ್ನು ಅವಳು ಈವರೆಗೆ ಬಾಯಿಬಿಟ್ಟು ಆಡಿರಲಿಲ್ಲ.

"ಕೊಟ್ಟದ್ದಕ್ಕ ಅವರು ಸತ್ರವಾ," ಎಂದಳು. "ಗಡ್ಡಿಯಿಂದ ಅಲ್ಲ. ನಾನ ಕೊಂದೆ ಅವರನ್ನ."

ಕಲ್ಲವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬಿಳಿ ಕೋಟು, ಕೊರಳಿನ ಗುರುತಿನ ಚೀಟಿ, ಮೇಜಿನ ಮೇಲಿನ ಮುದ್ರೆ, ಎಲ್ಲ ನೋಡಿದಳು. ಇಂಥ ಮೇಜುಗಳ ಮುಂದೆ ಅವಳು ಎಷ್ಟೋ ಸಲ ನಿಂತು ಹೋಗಿದ್ದವಳು, ಆಫೀಸಿನವರು ಬಡವರನ್ನು ಸಾಗಹಾಕಲು ಏನೇನು ಹೇಳುತ್ತಾರೆಂದು ಬಲ್ಲವಳು.

"ಹೂಂ. ಹಿಂಗರ ಹೇಳಬೇಕಲ್ರಿ ನೀವು," ಎಂದಳು.

ಕಾಗದಗಳನ್ನು ಚೀಲಕ್ಕೆ ತುರುಕಿ, ಗಂಡನ ತೋಳು ಹಿಡಿದು ಎಬ್ಬಿಸಿದಳು. ಭರಮಪ್ಪ ಹೋಗುವಾಗ ದಾಕ್ಷಾಯಣಿಗೆ ಕೈಮುಗಿದ. ಬಾಗಿಲು ಮುಚ್ಚಿದ ಮೇಲೆ ಫಿಲೋಮಿನಾ ಮುಂದಿನವರ ಹೆಸರು ಕೂಗಿದಳು.